ಹೊಗಳಲು ಬಾರದವಳ ಶಿಫಾರಸು ಪತ್ರ

ಬೋಲಿಂಗ್‌ಬ್ರೂಕ್

ಅಮೆರಿಕಕ್ಕೆ ಬಂದ ಮೂರನೆಯ ಬೆಳಿಗ್ಗೆ ವಾಕಿಂಗ್ ಹೊರಟಿದ್ದೆ. ಒಬ್ಬ ಬಿಳಿಯ ಹೆಂಗಸು ಕಾರು ನಿಲ್ಲಿಸಿ, ದಾರಿ ತಪ್ಪಿದ್ದೀರಾ ಎಂದು ಕೇಳಿದಳು. ಇಲ್ಲ, ನಡೆಯುತ್ತಿದ್ದೇನೆ ಎಂದೆ. ಎಲ್ಲಿಗೆ ಎಂದಳು. ಎಲ್ಲಿಗೂ ಇಲ್ಲ ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. ಸ್ವಲ್ಪ ದೂರ ನನ್ನ ಪಕ್ಕದಲ್ಲೇ ಕಾರನ್ನು ನಿಧಾನವಾಗಿ ಓಡಿಸಿಕೊಂಡು ಬಂದು ಆಮೇಲೆ ಹೋದಳು. ಹುಬ್ಬಳ್ಳಿಯಲ್ಲಿ ಸುಮ್ಮನೆ ನಿಂತವರನ್ನು ವಿಚಾರಿಸುತ್ತಾರೆ, ಇಲ್ಲಿ ನಡೆಯುವವರನ್ನು.

ಷಿಕಾಗೋದ ಹೊರವಲಯದ ಈ ಊರಿನಲ್ಲಿ ನಾನು ಇಳಿದುಕೊಂಡದ್ದು ಚಿಕ್ಕಮ್ಮನ ಮಗಳು ವಿದ್ಯಾಳ ಮನೆಯಲ್ಲಿ. ಗದಗಿನವಳು. ಗಂಡ ಗಿರೀಶ ಇಲ್ಲಿನ ದೊಡ್ಡ ಗೋದಾಮುಗಳಿಗೆ ಯಂತ್ರ ಕೂರಿಸುವ ಕಂಪನಿಯಲ್ಲಿ ಎಂಜಿನಿಯರ್. ಬೆಳಗಿನ ಪ್ರಸಂಗ ಹೇಳಿದಾಗ ವಿದ್ಯಾ, "ಅಕ್ಕಾ, ಇಲ್ಲೆ ಯಾರೂ ಸುಮ್ಮನ ಅಡ್ಡಾಡೂದಿಲ್ಲ. ಒಂದು ನಾಯಿನಾದ್ರೂ ಹಿಡಕೊಂಡು ಹೋಗ್ರಿ" ಎಂದಳು. ಮರುದಿನ ಪಕ್ಕದ ಮನೆಯ ನಾಯಿಯನ್ನು ಹಿಡಿದುಕೊಂಡು ಹೊರಟೆ. ನಾಲ್ಕು ಜನ ಗುಡ್ ಮಾರ್ನಿಂಗ್ ಹೇಳಿದರು. ನಾಲ್ವರೂ ನಾಯಿಗೇ ಹೇಳಿದ್ದು.

ನಾನು ಬಂದದ್ದು ಊರು ನೋಡುವುದಕ್ಕಲ್ಲ, ಯೋಲಾಂಡಾಳನ್ನು ನೋಡುವುದಕ್ಕೆ. ಅವಳ ಪರಿಚಯವಾಗಿ ಒಂಬತ್ತು ವರ್ಷವಾಯಿತು. ಆಗ ನಾನು ಹುಬ್ಬಳ್ಳಿಯ ದಿನಪತ್ರಿಕೆಯೊಂದರ ವರದಿಗಾರ್ತಿ. ಅವಳು ಡೆಟ್ರಾಯ್ಟ್‌ನ ಕಪ್ಪು ಅಮೆರಿಕನ್ ಸಂಶೋಧಕಿ. ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಬಗ್ಗೆ, ಹೊಲಿಯುತ್ತ ಅವರು ಹೇಳಿಕೊಳ್ಳುವ ಹಿರಿಯರ ಕಥೆಗಳ ಬಗ್ಗೆ ಬರೆಯಲು ಬಂದಿದ್ದಳು. ನಾನು ಕೆಲವು ವಾರ ದುಭಾಷಿಯಾಗಿದ್ದೆ. ಆಮೇಲೆ ಅವಳಿಗೆ ನನ್ನ ಅಗತ್ಯ ಬೀಳಲಿಲ್ಲ. ಒಂಬತ್ತು ತಿಂಗಳಲ್ಲಿ ಅಲ್ಲಿನ ಕನ್ನಡವನ್ನೇ ಕಲಿತುಬಿಟ್ಟಳು.

ಕಲಿಯುವ ಮೊದಲು ಒಮ್ಮೆ ಹಳಿಯಾಳದ ಬಸ್ಸಿನಲ್ಲಿ ಅವಳ ತಡವರಿಸುವ ಮಾತು ಕೇಳಿ ಕಂಡಕ್ಟರ್, "ಏ ತಂಗಿ, ಎಲ್ಲಿ ಇಳೀತಿ ಹೇಳು, ನಾಟಕ ಮಾಡಬ್ಯಾಡ" ಎಂದು ಗದರಿಸಿದ್ದ. ಸಿದ್ದಿ ಹುಡುಗಿ ಕನ್ನಡ ಬರುವುದಿಲ್ಲವೆಂದು ನಟಿಸುತ್ತಿದ್ದಾಳೆ ಎಂದು ಬಸ್ಸೆಲ್ಲ ನಕ್ಕಿತು. ಪರದೇಶದವಳಂತೆ ನಾಟಕ ಮಾಡಬೇಡ ಎಂದು ತನಗೆ ಯಾರೋ ಹೇಳಿದ್ದು ಜೀವನದಲ್ಲಿ ಅದೇ ಮೊದಲು ಎಂದು ಯೋಲಾಂಡಾ ನನಗೆ ಹೇಳಿದ್ದಳು. ಅವಳ ಪಕ್ಕದಲ್ಲಿ ಕೂತಿದ್ದ ಸಿದ್ದಿ ಹೆಂಗಸು ಮಾತ್ರ ನಕ್ಕಿರಲಿಲ್ಲ. ಯಾವ ದೇಶದವಳು ನೀನು ಎಂಬ ಪ್ರಶ್ನೆಯನ್ನು ಆಕೆ ತನ್ನದೇ ತಾಲ್ಲೂಕಿನಲ್ಲಿ ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬಂದಿದ್ದಳು.

ಈಗ ಯೋಲಾಂಡಾ ಡೆಟ್ರಾಯ್ಟ್ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದಾಳೆ. ಇಲ್ಲಿ ಆರನೆಯ ವರ್ಷಕ್ಕೆ ಟೆನ್ಯೂರ್ ಎಂಬ ತೀರ್ಮಾನವಾಗುತ್ತದೆ. ಹೌದು ಎಂದರೆ ಕೆಲಸ ಕಾಯಂ. ಇಲ್ಲ ಎಂದರೆ ಇನ್ನೊಂದು ವರ್ಷ ಪಾಠ ಮಾಡಿ ಜಾಗ ಖಾಲಿ ಮಾಡಬೇಕು. ನಮ್ಮ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಇಪ್ಪತ್ತು ವರ್ಷ ಅತಿಥಿಗಳಾಗಿಯೇ ಉಳಿಯುತ್ತಾರೆ. ಅದು ಬೇರೆ ಬಗೆಯ ಕ್ರೌರ್ಯ. ಇಲ್ಲಿಯದರಲ್ಲಿ ಬರಹದಲ್ಲಿ ಕಾರಣ ಕೊಡುತ್ತಾರೆ.

ಅವಳ ಕಡತಕ್ಕಾಗಿ ಕಳೆದ ವರ್ಷ ವಿಶ್ವವಿದ್ಯಾಲಯದವರು ನನ್ನಿಂದಲೂ ಒಂದು ಪತ್ರ ಕೇಳಿದ್ದರು. ಊರಿನವರ ಜೊತೆ ಅವಳು ಹೇಗೆ ಕೆಲಸ ಮಾಡಿದಳು ಎಂಬುದನ್ನು ಕಂಡವರ ಮಾತು ಅವರಿಗೆ ಬೇಕಿತ್ತು. ಬರೆದು ಕಳಿಸಿದ್ದೆ. ಫಲಿತಾಂಶ ನಾನು ಇಲ್ಲಿರುವ ದಿನಗಳಲ್ಲೇ ಬರುವುದಿತ್ತು. ಒಳ್ಳೆಯ ಸುದ್ದಿಯ ಹೊತ್ತಿಗೆ ಜೊತೆಯಲ್ಲಿರೋಣ ಎಂದುಕೊಂಡೇ ಬಂದಿದ್ದೆ.

ಷಿಕಾಗೋದಲ್ಲಿ ಕಪ್ಪು ಜನರೇ ಹೆಚ್ಚಾಗಿರುವ ದಕ್ಷಿಣ ಭಾಗದ ತನ್ನ ಗುರುಗಳ ಮನೆಗೆ ಬರಲು ಯೋಲಾಂಡಾ ಹೇಳಿದ್ದಳು. ವಿಳಾಸ ನೋಡಿ ಗಿರೀಶನ ಮುಖ ಸಣ್ಣದಾಯಿತು. ಆ ಏರಿಯಾ ಸರಿ ಇಲ್ಲವೆಂದ. ನೀನು ಅಲ್ಲಿಗೆ ಹೋಗಿದ್ದೀಯಾ ಎಂದು ಕೇಳಿದೆ. ಇಲ್ಲಿ ಬಂದು ಹದಿನಾಲ್ಕು ವರ್ಷವಾಯಿತು, ಒಮ್ಮೆಯೂ ಇಲ್ಲವಂತೆ. ಟ್ಯಾಕ್ಸಿಯಲ್ಲಿ ಹೋಗುತ್ತೇನೆಂದರೂ ಕೇಳದೆ ತಾನೇ ಕರೆದುಕೊಂಡು ಹೊರಟ.

ಷಿಕಾಗೋ, ದಕ್ಷಿಣ ಭಾಗ

ಬೀದಿಯ ಎರಡೂ ಕಡೆ ಹಳೆಯ ಮರಗಳು, ಇಟ್ಟಿಗೆಯ ಮನೆಗಳು. ಮುದುಕರೊಬ್ಬರು ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ನಮಗೆ ಕೈ ಎತ್ತಿದರು. ಗಿರೀಶ ಕಾರಿನ ಬಾಗಿಲುಗಳನ್ನು ಒಳಗಿನಿಂದ ಲಾಕ್ ಮಾಡಿದ. ಟಕ್ ಎಂದು ಸದ್ದಾಯಿತು. ಮೆಟ್ಟಿಲ ಮೇಲೆ ಯೋಲಾಂಡಾಳ ಪಕ್ಕದಲ್ಲಿ ನಮಗಾಗಿ ಕಾಯುತ್ತಿದ್ದ ಎಂಬತ್ತರ ಹತ್ತಿರದ ಕಪ್ಪು ಹೆಂಗಸು ಅದನ್ನು ಕೇಳಿಸಿಕೊಂಡರು.

ಅವರು ಡಾಕ್ಟರ್ ಬರ್ನಿಸ್. ಇದೇ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಗಿರೀಶನ ಕೈ ಕುಲುಕಿ, ಕಾರಿನ ಆ ಸದ್ದು ತಮಗೆ ಅಡಿಗೆಮನೆಯಿಂದಲೂ ಕೇಳಿಸುತ್ತದೆ, ಐವತ್ತು ವರ್ಷದ ಅಭ್ಯಾಸ ಎಂದು ನಗುತ್ತಲೇ ಹೇಳಿದರು. ಎಲ್ಲಿ ನೋಡಬೇಕೆಂದು ಗಿರೀಶನಿಗೆ ತಿಳಿಯಲಿಲ್ಲ. ಒಳಗೆ ಬಂದು ಊಟ ಮಾಡಿ ಹೋಗು ಎಂದರು. ಮೀಟಿಂಗ್ ಇದೆ ಎಂದು ಹೇಳಿ ಹೊರಟುಹೋದ. ಅದು ಭಾನುವಾರ.

ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟದ್ದು ನೋಡಿ ಬರ್ನಿಸ್ ಗಾಬರಿಯಾಗಿ, ಕಾಲಿಗೆ ಏನಾಯಿತು ಎಂದು ಕೇಳಿದರು. ನಾನು ಒಯ್ದಿದ್ದ ಶೇಂಗಾ ಉಂಡಿಯನ್ನು ಕಚ್ಚಿ ನೋಡಿ, ಇದನ್ನು ನನ್ನ ಅಮ್ಮ ಬೆಲ್ಲದ ಬದಲು ಕಾಕಂಬಿ ಹಾಕಿ ಮಾಡುತ್ತಿದ್ದಳು ಎಂದರು. ಆ ಮನೆಯ ಒಂದು ರೂಢಿ ನನಗೆ ವಿಚಿತ್ರವೆನಿಸಿತು. ಅವರು ತಮ್ಮ ಶಿಷ್ಯೆಯನ್ನು ಅಡಿಗೆಮನೆಯಲ್ಲೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಡಾಕ್ಟರ್, ಆ ಪಾತ್ರೆ ಇಳಿಸು. ಡಾಕ್ಟರ್, ಉಪ್ಪು ನೋಡು. ಯೋಲಾಂಡಾಳೂ ಅಷ್ಟೆ, ಬರ್ತೀನಿ ಡಾಕ್ಟರ್ ಎನ್ನುತ್ತಿದ್ದಳು. ಏಕೆ ಹೀಗೆ ಎಂದು ಕೇಳಿದೆ. ಹೊರಗೆ ವಿದ್ಯಾರ್ಥಿಗಳು ಬಿಳಿಯ ಮೇಷ್ಟ್ರುಗಳನ್ನು ಪ್ರೊಫೆಸರ್ ಎನ್ನುತ್ತಾರೆ, ನಮ್ಮನ್ನು ಮಿಸ್ ಎನ್ನುತ್ತಾರೆ. ಓದಿದ್ದು ಎಲ್ಲಾದರೂ ಒಂದು ಕಡೆ ಬಳಕೆಯಾಗಲಿ ಅಂತ ಎಂದರು ಬರ್ನಿಸ್.

ಅವರ ಸೇವಾವಧಿಯಲ್ಲಿ ವಿಭಾಗಕ್ಕೆ ಐದು ಜನ ಮುಖ್ಯಸ್ಥರು ಬಂದುಹೋದರು. ಐವರೂ ಮೊದಲ ದಿನ ಅವರ ಕೈಗೆ ಕಾಗದದ ಕಟ್ಟು ಕೊಟ್ಟು ಜೆರಾಕ್ಸ್ ಮಾಡಿಕೊಂಡು ಬರಲು ಹೇಳಿದ್ದರಂತೆ. ನಾಲ್ವರಿಗೆ ತಾವು ಯಾರೆಂದು ಬಿಡಿಸಿ ಹೇಳಿದರು. ಐದನೆಯವರಿಗೆ ಸುಮ್ಮನೆ ಮಾಡಿಕೊಟ್ಟರು. ಬೇಸರವಾಗಿತ್ತು ಎಂದರು. ನಮ್ಮ ಪತ್ರಿಕೆಯಲ್ಲಿ ಹೊಸ ಬ್ಯೂರೋ ಮುಖ್ಯಸ್ಥರು ಬಂದಾಗಲೆಲ್ಲ ನನ್ನನ್ನು ಫಲಪುಷ್ಪ ಪ್ರದರ್ಶನಕ್ಕೆ ಕಳಿಸುತ್ತಿದ್ದರು ಎಂದು ಹೇಳಹೊರಟವಳು ನಿಲ್ಲಿಸಿದೆ. ನಾನು ಫಲಪುಷ್ಪದಿಂದ ಮುಂದೆ ಹೋಗಿ ಸುದ್ದಿ ಸಂಪಾದಕಿಯಾಗಿದ್ದೆ. ಬರ್ನಿಸ್ ಪೂರ್ಣ ಪ್ರೊಫೆಸರ್ ಆಗದೆಯೇ ನಿವೃತ್ತರಾಗಿದ್ದರು.

ಊಟದ ನಂತರ ಯೋಲಾಂಡಾ ಅವರ ಔಷಧಿ ತರಲು ಅಂಗಡಿಗೆ ಹೋದಳು. ಕಡತಕ್ಕೆ ನೀವೂ ಪತ್ರ ಬರೆದಿರಂತೆ, ಹೇಗೆ ಬರೆದಿರಿ ಎಂದು ಬರ್ನಿಸ್ ಕೇಳಿದರು. ಅವಳ ಮುಂದೆ ಇದನ್ನು ಮಾತಾಡುವಂತಿಲ್ಲ, ಪತ್ರಗಳು ಗೋಪ್ಯ.

ನನಗೆ ಆ ಪತ್ರದ ಬಗ್ಗೆ ಸಣ್ಣ ಹೆಮ್ಮೆಯಿತ್ತು. ನನ್ನ ಮೊದಲ ಸಂಪಾದಕರು ನಾನು ಬರೆದ ಪ್ರತಿ ವರದಿಯಲ್ಲೂ ಹೊಗಳುವ ಮಾತು ಕಂಡಲ್ಲೆಲ್ಲ ಕೆಂಪು ಗೀಟು ಹಾಕುತ್ತಿದ್ದರು. ಕಂಡದ್ದು ಬರಿ, ಓದುವವರು ಬೇಕಾದರೆ ಹೊಗಳಿಕೊಳ್ಳುತ್ತಾರೆ ಎನ್ನುತ್ತಿದ್ದರು. ಆ ಶಿಸ್ತಿನಲ್ಲೇ ಬರೆದಿದ್ದೆ. ಸಾಲುಗಳು ಬಾಯಿಪಾಠವಾಗಿದ್ದವು, ಹೇಳಿದೆ. "ಇವರು ಹೇಳಿದ ಸಮಯಕ್ಕೆ ಬರುತ್ತಿದ್ದರು. ಹೆಂಗಸರು ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳುತ್ತಿದ್ದರು. ತಪ್ಪಿದ್ದರೆ ತಿದ್ದಿಕೊಳ್ಳುತ್ತಿದ್ದರು. ಇವರ ಕೆಲಸ ಎಚ್ಚರಿಕೆಯದು, ನಂಬಬಹುದಾದದ್ದು." ಕೊನೆಯ ಮಾತನ್ನು ನಾನು ಮೂವತ್ತೊಂದು ವರ್ಷದಲ್ಲಿ ಇಬ್ಬರ ಬಗ್ಗೆ ಮಾತ್ರ ಬರೆದಿದ್ದೇನೆ ಎಂದೂ ಸೇರಿಸಿದೆ.

ಬರ್ನಿಸ್ ಚಮಚವನ್ನು ತಟ್ಟೆಯಲ್ಲಿಟ್ಟರು. ಅಷ್ಟೇನಾ ಎಂದು ಕೇಳಿದರು. ಅಷ್ಟೇ ಎಂದೆ.

ಆಮೇಲೆ ಅವರು ನನಗೆ, ಹೊಸ ವಿದ್ಯಾರ್ಥಿಗೆ ಹೇಳುವಂತೆ, ನಿಧಾನವಾಗಿ ವಿವರಿಸಿದರು. ಈ ದೇಶದಲ್ಲಿ ಇಂಥ ಪತ್ರಕ್ಕೆ ಒಂದು ಎತ್ತರದ ಶ್ರುತಿಯಿದೆ. ತನ್ನ ಪೀಳಿಗೆಯಲ್ಲೇ ಅಗ್ರಗಣ್ಯೆ, ಈ ವಿಷಯದ ದಿಕ್ಕನ್ನೇ ಬದಲಿಸಿದವಳು, ಇವಳನ್ನು ಕಳೆದುಕೊಂಡರೆ ನಿಮಗೇ ನಷ್ಟ. ಪ್ರತಿಯೊಬ್ಬರೂ ಪ್ರತಿಯೊಬ್ಬರ ಬಗ್ಗೆ ಹೀಗೆ ಬರೆಯುತ್ತಾರೆ. ಅದಕ್ಕಿಂತ ಕೆಳಗೆ ಬರೆದರೆ, ಬರೆದವರು ಏನನ್ನೋ ಹೇಳದೆ ಬಿಟ್ಟಿದ್ದಾರೆ ಎಂದು ಓದಿಕೊಳ್ಳುತ್ತಾರೆ. ಎಚ್ಚರಿಕೆ ಎಂದರೆ ಪ್ರತಿಭೆಯಿಲ್ಲ. ನಂಬಬಹುದು ಎಂದರೆ ಹೇಳಿದ ಕೆಲಸ ಮಾಡುತ್ತಾಳೆ, ತಾನಾಗಿ ಯೋಚಿಸುವುದಿಲ್ಲ.

"ನೀವು ಬರೆದದ್ದು ಸತ್ಯ," ಎಂದರು. "ಬೇರೆಯವರ ಬಗ್ಗೆ ಬರೆದಿದ್ದರೆ, ಪಾಪ ಹೊರದೇಶದ ಪತ್ರಕರ್ತೆ, ಅವರ ರೀತಿ ಹೀಗೆ ಅಂತ ಬಿಟ್ಟುಬಿಡುತ್ತಿದ್ದರು. ನಮ್ಮ ಬಗ್ಗೆ ಅವರಿಗೆ ಮೊದಲೇ ಆ ಅನುಮಾನ ಇರುತ್ತದೆ. ನೀವು ಅದಕ್ಕೆ ರುಜು ಹಾಕಿದ ಹಾಗಾಯಿತು."

ಬಾಗಿಲಿನ ಗಂಟೆ ಸದ್ದಾಯಿತು. ಯೋಲಾಂಡಾ ಔಷಧಿಯ ಚೀಲ ಹಿಡಿದು ಒಳಗೆ ಬಂದು, ಕನ್ನಡದಲ್ಲಿ, ಅಕ್ಕ, ಮುಖ ಯಾಕೆ ಹೀಗಾಗಿದೆ, ಖಾರ ಹೆಚ್ಚಾಯ್ತಾ ಎಂದು ಕೇಳಿದಳು.

ಹೆದ್ದಾರಿಯಲ್ಲಿ

ಮರುದಿನ ಅವಳ ಕಾರಿನಲ್ಲಿ ಡೆಟ್ರಾಯ್ಟ್ ಕಡೆಗೆ ಹೊರಟೆವು. ಐದು ಗಂಟೆಯ ದಾರಿ. ಸರೋವರ ಎಡಕ್ಕಿದೆ ಎಂದು ಹೇಳಿದಳು, ನನಗೆ ಕಂಡದ್ದು ಲಾರಿಗಳು.

ಅವಳು ಆರು ವರ್ಷದ ಕಥೆ ಹೇಳುತ್ತ ಹೋದಳು. ವಿಭಾಗದಲ್ಲಿ ಕಪ್ಪು ಹೆಂಗಸು ಅವಳೊಬ್ಬಳೇ. ಹಾಗಾಗಿ ಸಮಾನತೆಯ ಸಮಿತಿ, ವಿದ್ಯಾರ್ಥಿ ಕ್ಷೇಮ ಸಮಿತಿ, ಪ್ರವೇಶ ಸಮಿತಿ, ಎಲ್ಲದಕ್ಕೂ ಅವಳ ಹೆಸರು. ಎಲ್ಲ ಫೋಟೊಗಳಲ್ಲೂ ಅವಳ ಮುಖ. ಕಪ್ಪು ವಿದ್ಯಾರ್ಥಿಗಳು ಅಳುವುದಕ್ಕೂ ಅವಳ ಕೋಣೆಗೇ ಬರುತ್ತಿದ್ದರು, ಅವಳ ಕ್ಲಾಸಿನಲ್ಲಿ ಇಲ್ಲದವರು ಕೂಡ.

"ಮೊದಲು ಎರಡು ವರ್ಷ ಎಲ್ಲದಕ್ಕೂ ಹೂಂ ಅಂದೆ ಅಕ್ಕ. ಬರವಣಿಗೆ ನಿಧಾನ ಆಯ್ತು ಅಂದ್ರು. ಮೂರನೇ ವರ್ಷ ಎರಡು ಸಮಿತಿಗೆ ಆಗೂದಿಲ್ಲ ಅಂದೆ. ಹೊಂದಿಕೊಂಡು ಹೋಗೂದಿಲ್ಲ ಅಂತ ಬರೆದ್ರು."

ವಿದ್ಯಾರ್ಥಿಗಳು ವರ್ಷದ ಕೊನೆಯಲ್ಲಿ ಮೇಷ್ಟ್ರಿಗೆ ಅಂಕ ಕೊಡುವ ಪದ್ಧತಿ ಇಲ್ಲಿದೆ. ಒಬ್ಬ, ಇವರನ್ನು ನೋಡಿದರೆ ಹೆದರಿಕೆಯಾಗುತ್ತದೆ ಎಂದು ಬರೆದಿದ್ದ. ಇನ್ನೊಬ್ಬಳು, ಇವರು ಹೆಚ್ಚು ನಗಬೇಕು ಎಂದು. ಅವಳು ಕನ್ನಡಿಯ ಮುಂದೆ ನಗುವುದನ್ನು ಅಭ್ಯಾಸ ಮಾಡಿದಳು. ಮುಂದಿನ ವರ್ಷ, ಇವರು ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಬಂತು. ಹೇಳಿ ಜೋರಾಗಿ ನಕ್ಕಳು. ನಾನೂ ನಕ್ಕೆ.

ಮಿಷಿಗನ್ ಒಳಗೆ ಬಂದ ಮೇಲೆ ಒಂದು ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದಳು. ಕಾಫಿ ಯಂತ್ರ ನನ್ನ ಲೋಟಕ್ಕೆ ಬರೀ ಬಿಸಿನೀರು ಸುರಿಯಿತು. ಅದನ್ನೇ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ಪತ್ರ ಗೋಪ್ಯವೆಂದು ಗೊತ್ತಿತ್ತು. ಮೂಲಗಳನ್ನು ಬಿಟ್ಟುಕೊಡಬಾರದು ಎಂಬ ವೃತ್ತಿಯವಳು ನಾನು. ಇಲ್ಲಿ ಮೂಲ ನಾನೇ ಎಂದುಕೊಂಡು ಎಲ್ಲ ಹೇಳಿಬಿಟ್ಟೆ, ಸಾಲು ಸಾಲಾಗಿ.

ಅವಳು ಕೇಳಿಸಿಕೊಂಡು ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಅಕ್ಕ, ನೀವು ಅಷ್ಟು ಬರೆದದ್ದೇ ಹೆಚ್ಚು. ನನ್ನ ಅಡಿಗೆಗೂ ಒಂದು ದಿನ ಚಲೋ ಆಗಿದೆ ಅಂದವರಲ್ಲ ನೀವು." ಆಮೇಲೆ, "ಯಲ್ಲಾಪುರದ ಪತ್ರ ಯಾರು ಓದ್ತಾರೆ? ಅವರು ದೊಡ್ಡ ದೊಡ್ಡ ಪ್ರೊಫೆಸರುಗಳದ್ದು ಓದ್ತಾರೆ. ವಿಭಾಗದಲ್ಲಿ ಎಲ್ಲರೂ ಹೌದು ಅಂದಾಗಿದೆ. ಮೇಲಿನವರು ಒಪ್ಪೂದಷ್ಟೇ ಬಾಕಿ" ಎಂದಳು.

ನನಗೆ ಹಗುರಾಯಿತು. ಯಲ್ಲಾಪುರದ ಮಾತನ್ನು ಯಾರೂ ಓದುವುದಿಲ್ಲ ಎಂಬುದರಿಂದ ನನಗೆ ಹಗುರಾಯಿತು ಎನ್ನುವುದು ಕಾರು ಮತ್ತೆ ಹೊರಟ ಮೇಲೆ ಹೊಳೆಯಿತು.

ಡೆಟ್ರಾಯ್ಟ್

ಎರಡು ದಿನದ ನಂತರ ಅವಳ ವಿಶ್ವವಿದ್ಯಾಲಯ ನೋಡಲು ಹೋದೆ. ಪರೀಕ್ಷೆಗಳು ಮುಗಿದು ಕಟ್ಟಡ ಖಾಲಿಯಾಗಿತ್ತು. ಬಾಗಿಲಲ್ಲಿ ಕಾವಲುಗಾರ ಅವಳ ಗುರುತಿನ ಚೀಟಿ ಕೇಳಿ, ಇವತ್ತು ಕಟ್ಟಡ ಸಿಬ್ಬಂದಿಗೆ ಮಾತ್ರ ಎಂದ. ಅವಳು ಚೀಟಿ ತೋರಿಸಿದಳು. ಅವನು ಫೋಟೊ ನೋಡಿದ, ಅವಳನ್ನು ನೋಡಿದ, ಮತ್ತೆ ಫೋಟೊ ನೋಡಿದ. ನನ್ನನ್ನು ಏನೂ ಕೇಳಲಿಲ್ಲ. ನನ್ನ ಕನ್ನಡಕ, ರೇಷ್ಮೆ ಸೀರೆ, ಬಿಳಿಯ ಕೂದಲು ನೋಡಿ ಅವನು ನನ್ನನ್ನೇ ಪ್ರೊಫೆಸರ್ ಅಂದುಕೊಂಡಿರಬೇಕು. ನನಗಾಗಿ ಬಾಗಿಲು ಹಿಡಿದ.

ಮೂರನೆಯ ಮಹಡಿಯಲ್ಲಿ ಅವಳ ಕೋಣೆ. ಗೋಡೆಯ ಮೇಲೆ ಯಲ್ಲಾಪುರದ ಕೌದಿ. ಪಕ್ಕದ ಕೋಣೆಯನ್ನು ಖಾಲಿ ಮಾಡಿ ಹೊಸ ಬಣ್ಣ ಹೊಡೆದಿದ್ದರು. ಅದನ್ನು ಬಾಗಿಲು ತೆಗೆದು ತೋರಿಸಿದಳು. ಆಗಸ್ಟ್‌ನಲ್ಲಿ ಇಮಾನಿ ಎಂಬ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರುವವಳಿದ್ದಳು. ದಕ್ಷಿಣದ ರಾಜ್ಯದವಳು, ಕಪ್ಪು ಹೆಣ್ಣುಮಗಳು, ಆಗಷ್ಟೇ ಪಿಎಚ್.ಡಿ. ಮುಗಿಸಿದವಳು. ಅವಳಿಗೆ ಇನ್ನೊಂದು ಊರಿನಲ್ಲೂ ಕೆಲಸ ಸಿಕ್ಕಿತ್ತಂತೆ. ಆಯ್ಕೆ ಸಮಿತಿಯಲ್ಲಿದ್ದ ಯೋಲಾಂಡಾ, ಬಾ, ಇಲ್ಲಿ ನಾನಿದ್ದೇನೆ ಎಂದು ಹೇಳಿ ಒಪ್ಪಿಸಿದ್ದಳು. ಎರಡು ಕೋಣೆಗಳ ನಡುವಿನ ಗೋಡೆಯನ್ನು ಬೆರಳಿನಿಂದ ತಟ್ಟಿ, ಇದು ತೆಳ್ಳಗಿದೆ, ಕೂತಲ್ಲಿಂದಲೇ ಮಾತಾಡಬಹುದು ಎಂದಳು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮೇಲ್ ಬಂತು. ಅವಳು ನಿಂತುಕೊಂಡೇ ಓದಿದಳು. ಎರಡು ಪುಟ. ಓದಿ ಮುಗಿಸಿ ಮೊದಲಿನಿಂದ ಮತ್ತೊಮ್ಮೆ ಓದಿದಳು. ಇಂಥ ಹೊತ್ತಿನಲ್ಲಿ ಕೇಳಬಾರದೆಂದು ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಕಲಿತಿದ್ದೇನೆ.

ಆಮೇಲೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು.

ವಿಭಾಗ ಒಪ್ಪಿತ್ತು. ಕಾಲೇಜಿನ ಸಮಿತಿ ಒಪ್ಪಿರಲಿಲ್ಲ. ಮೇಲಧಿಕಾರಿ ಸಮಿತಿಯ ಮಾತನ್ನು ಎತ್ತಿಹಿಡಿದಿದ್ದರು. ಕೌದಿಗಳ ಬಗೆಗಿನ ಇವರ ಪುಸ್ತಕ ಶ್ರಮದಿಂದ ಕೂಡಿದೆ, ಆದರೆ ವಿಷಯ ಕಿರಿದು. ಸಹೋದ್ಯೋಗಿಗಳೊಂದಿಗೆ ಸಹಕಾರದ ಬಗ್ಗೆ ಪ್ರಶ್ನೆಗಳಿವೆ. ಎರಡನೆಯ ಪುಟದ ಮೇಲ್ಭಾಗದಲ್ಲಿ ಒಂದು ವಾಕ್ಯವಿತ್ತು. ಕ್ಷೇತ್ರಕಾರ್ಯದಲ್ಲಿ ಇವರನ್ನು ಹತ್ತಿರದಿಂದ ಬಲ್ಲ ಪತ್ರ ಲೇಖಕರೊಬ್ಬರೂ ಇವರ ಕೆಲಸವನ್ನು ಎಚ್ಚರಿಕೆಯದು, ನಂಬಬಹುದಾದದ್ದು ಎಂದಷ್ಟೇ ಬಣ್ಣಿಸಿದ್ದಾರೆ.

ಆ ಎರಡು ಮಾತು ನನ್ನವು. ‘ಅಷ್ಟೇ’ ಅವರದು.

ವರದಿಗಾರ್ತಿಯಾಗಿ ನಾನು ಎಷ್ಟೋ ಜನರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದೇನೆ. ನನ್ನ ಮಾತನ್ನು ಹಾಗೆ ಯಾರೋ ಹಾಕಿದ್ದನ್ನು ಓದಿದ್ದು ಇದೇ ಮೊದಲು. ತಪ್ಪಾಗಿ ಉದ್ಧರಿಸಿದ್ದಾರೆ ಎಂದು ದೂರುವಂತಿರಲಿಲ್ಲ.

ಇನ್ನೊಂದು ಪತ್ರ ಬರೆಯುತ್ತೇನೆ ಎಂದೆ. ಇವತ್ತೇ ಬರೆಯುತ್ತೇನೆ, ಅವರು ಹೇಗೆ ಬೇಕೆನ್ನುತ್ತಾರೋ ಹಾಗೆ.

"ಅಪೀಲಿಗೆ ಹೊಸ ಕಾಗದ ಹಾಕೂ ಹಾಗಿಲ್ಲ ಅಕ್ಕ. ನಿಯಮ ತಪ್ಪಿದ್ರೆ ಮಾತ್ರ ಅಪೀಲು. ನಿಯಮ ಎಲ್ಲೂ ತಪ್ಪಿಲ್ಲ."

ನಿಮ್ಮ ಪತ್ರವಿಲ್ಲದಿದ್ದರೂ ಬೇರೆ ಯಾರ ಪತ್ರದಲ್ಲಾದರೂ ಅವರಿಗೆ ಬೇಕಾದ ಸಾಲು ಸಿಗುತ್ತಿತ್ತು ಎಂದಳು. ಇರಬಹುದು. ಅದನ್ನು ಖಚಿತಪಡಿಸಿಕೊಳ್ಳುವ ದಾರಿ ನನಗಿಲ್ಲ, ಆದ್ದರಿಂದ ಅದನ್ನು ಇಲ್ಲಿ ನಿಜವೆಂದು ಬರೆಯಲಾರೆ.

ಒಂದು ಗಂಟೆಗೆ ಅವಳ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಮೌಖಿಕ ಪರೀಕ್ಷೆಯಿತ್ತು. ಮುಂದೂಡಬಹುದಲ್ಲ ಎಂದೆ. ಆ ಹುಡುಗಿಯ ಅಪ್ಪ ಅಮ್ಮ ಹೂಗುಚ್ಛ ಹಿಡಿದು ಬರುತ್ತಾರೆ ಎಂದಳು. ಮುಖ ತೊಳೆದುಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಹೋದಳು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಒಳಗಿನಿಂದ ಅವಳ ಧ್ವನಿ ಕೇಳಿಸುತ್ತಿತ್ತು, ಪ್ರಶ್ನೆ ಕೇಳುವುದು, ಒಮ್ಮೆ ನಗುವುದು. ಪರೀಕ್ಷೆ ಒಂದು ಗಂಟೆ ನಲವತ್ತು ನಿಮಿಷ ನಡೆಯಿತು. ಕೊನೆಗೆ ಚಪ್ಪಾಳೆ ಕೇಳಿತು. ಆ ಕೋಣೆಯಲ್ಲಿದ್ದ ಉಳಿದ ಮೂವರು ಪ್ರೊಫೆಸರುಗಳಿಗೂ ಆ ಹೊತ್ತಿಗೆ ಸುದ್ದಿ ಗೊತ್ತಿತ್ತಂತೆ. ಮೂವರೂ ಹೊರಗೆ ಬಂದು ಅವಳ ಕೈ ಕುಲುಕಿ, ಒಳ್ಳೆಯ ಬೇಸಿಗೆ ರಜೆಯಾಗಲಿ ಎಂದು ಹಾರೈಸಿ ಹೋದರು.

ಫಾರ್ಮಿಂಗ್ಟನ್ ಹಿಲ್ಸ್

ಆ ದಿನಗಳಲ್ಲಿ ನಾನು ಉಳಿದುಕೊಂಡದ್ದು ಡೆಟ್ರಾಯ್ಟ್ ಪಕ್ಕದ ಈ ಊರಿನಲ್ಲಿರುವ ಶಬಾನಾಳ ಮನೆಯಲ್ಲಿ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯವಳು, ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಈ ಊರಿನಲ್ಲಿ ಹಾಲು ತರಲೂ ಕಾರು ಬೇಕು. ಹಾಗಾಗಿ ನಾನು ಅವಳು ಆಸ್ಪತ್ರೆಯಿಂದ ಬರುವವರೆಗೆ ಮನೆಯಲ್ಲೇ ಕೂತಿರುತ್ತಿದ್ದೆ.

ಕೂತು ಪತ್ರ ಬರೆದೆ. ಹಾಕುವಂತಿಲ್ಲ ಎಂದು ಗೊತ್ತಿದ್ದೂ ಬರೆದೆ. ಬರ್ನಿಸ್ ಹೇಳಿದ ಮಾತುಗಳನ್ನೆಲ್ಲ ಸೇರಿಸಿದೆ. ಪೀಳಿಗೆಯಲ್ಲೇ ಅಗ್ರಗಣ್ಯೆ ಎಂದೆ, ದಿಕ್ಕು ಬದಲಿಸಿದಳು ಎಂದೆ. ಸಂಜೆ ಶಬಾನಾಳಿಗೆ ಓದಿ ಹೇಳಿದೆ.

"ಅಕ್ಕಾ, ಇದು ಮದುವಿ ಬಯೋಡಾಟಾ ಇದ್ದಂಗ ಐತಿ," ಎಂದಳು. "ಹುಡುಗಿ ಎತ್ತರ, ಬಣ್ಣ ಅಷ್ಟ ಬಾಕಿ."

ಊಟದ ಹೊತ್ತಿಗೆ ಯೋಲಾಂಡಾಳ ವಿಷಯ ಹೇಳಿದೆ. ಶಬಾನಾಳ ಗಂಡ ಅನ್ವರ್ ಕಾರು ಕಂಪನಿಯ ಎಂಜಿನಿಯರ್, ಮೃದು ಮಾತಿನ ಮನುಷ್ಯ. ಇಷ್ಟು ಓದಿದವರಿಗೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ, ಬೇರೆ ಕಡೆ ಅಪ್ಲೈ ಮಾಡಬಹುದಲ್ಲ ಎಂದ. ನಾವೂ ಹೊರಗಿನಿಂದ ಬಂದವರೇ, ಕಷ್ಟಪಟ್ಟರೆ ಈ ದೇಶ ಕೈಬಿಡುವುದಿಲ್ಲ ಎಂದ. ಶಬಾನಾ ಅವನತ್ತ ನೋಡಿ, "ನೀವು ಸುಮ್ಮನಿರ್ರಿ. ಪೇಷಂಟು ನನ್ನ ನೋಡಿ ನರ್ಸು ಅಂತಾರ. ನನ್ನ ಜೊತೀಗಿರೋ ಕಪ್ಪು ಡಾಕ್ಟರ್‌ನ ನೋಡಿ ಊಟದ ತಟ್ಟಿ ತಗೊಂಡು ಹೋಗು ಅಂತಾರ. ಆಕಿ ಇದ ದೇಶದಾಗ ಹುಟ್ಟಿದಾಕಿ" ಎಂದಳು.

ಕಾಲೇಜಿಗೆ ಹೋಗುವ ಅವರ ಮಗಳು ಫೋನಿನಿಂದ ತಲೆ ಎತ್ತಿದಳು. ಅವಳ ಕಾಲೇಜಿನಲ್ಲೂ ಒಬ್ಬ ಕಪ್ಪು ಪ್ರೊಫೆಸರ್ ಇದ್ದರಂತೆ, ತುಂಬ ಚೆನ್ನಾಗಿ ಪಾಠ ಮಾಡುತ್ತಿದ್ದರಂತೆ. ಈಗ ಎಲ್ಲಿದ್ದಾರೆ ಎಂದು ಕೇಳಿದೆ. "ಐ ಡೋಂಟ್ ನೋ, ಆಂಟಿ," ಎಂದಳು. "ದೇ ಜಸ್ಟ್ ಲೀವ್."

ಅನ್ವರ್ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ.

ವಿಮಾನ ನಿಲ್ದಾಣದ ದಾರಿ

ಹೊರಡುವ ದಿನ ಯೋಲಾಂಡಾಳೇ ಕರೆದೊಯ್ಯಲು ಬಂದಳು. ನಿಲ್ದಾಣಕ್ಕೆ ಇನ್ನೂ ಹತ್ತು ಮೈಲಿ ಇರುವಾಗ ಒಂದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ, ಫೋನನ್ನು ನನ್ನ ಕೈಗೆ ಕೊಟ್ಟಳು. ಇಮಾನಿಯ ಸಂದೇಶ. ಬಾಡಿಗೆಗೆ ಮನೆ ಹಿಡಿದಾಯಿತು, ಇನ್ನೊಂದು ಊರಿನವರಿಗೆ ಬರುವುದಿಲ್ಲ ಎಂದು ಬರೆದೂ ಆಯಿತು, ನೀವಿದ್ದೀರೆಂಬ ಧೈರ್ಯ ಎಂದಿತ್ತು. ಬಂದು ನಾಲ್ಕು ದಿನವಾಗಿತ್ತು. ಯೋಲಾಂಡಾ ಉತ್ತರಿಸಿರಲಿಲ್ಲ.

"ಹೇಳ್ಲೋ ಬೇಡ್ವೋ?" ಎಂದು ಕೇಳಿದಳು.

ಹೇಳಬೇಕು ಎಂದೆ. ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಿನ್ನಿಂದ ಗೊತ್ತಾಗಲಿ.

ಅಲ್ಲಿಯೇ ಕರೆ ಮಾಡಿದಳು. ಕಾರಿನ ಸ್ಪೀಕರಿನಲ್ಲಿ ಆ ಹುಡುಗಿಯ ಧ್ವನಿ ತುಂಬಿಕೊಂಡಿತು. ಕಿಟಕಿ ಪರದೆಯ ಬಣ್ಣದ ಬಗ್ಗೆ, ಹಿಮ ಬಿದ್ದಾಗ ಹಾಕುವ ಟಯರಿನ ಬಗ್ಗೆ, ಕೂದಲು ಹೆಣೆಯುವ ಅಂಗಡಿ ಹತ್ತಿರದಲ್ಲಿ ಎಲ್ಲಿದೆ ಎಂಬುದರ ಬಗ್ಗೆ ಕೇಳಿದಳು. ಯೋಲಾಂಡಾ ಎಲ್ಲಕ್ಕೂ ಉತ್ತರ ಕೊಟ್ಟಳು. ಅಂಗಡಿಯ ವಿಳಾಸವನ್ನು ಎರಡು ಸಲ ಹೇಳಿದಳು. ಆಮೇಲೆ ಹೇಳಿದಳು. ನನಗೆ ಟೆನ್ಯೂರ್ ಕೊಡಲಿಲ್ಲ, ಇನ್ನೊಂದು ವರ್ಷ ಇರುತ್ತೇನೆ, ಆಮೇಲೆ ಇರುವುದಿಲ್ಲ. ಮೂರು ವಾಕ್ಯ, ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ.

ಬಂಕಿಗೆ ಎರಡು ಕಾರು ಬಂದು ಹೋದವು.

ಅಲ್ಲಿಂದ ಒಂದೇ ಪ್ರಶ್ನೆ ಬಂತು. ಹಾಗಾದರೆ ನಾನು ಏನೇನು ಮಾಡಬೇಕು ಹೇಳಿ.

ಯೋಲಾಂಡಾ ಹೇಳತೊಡಗಿದಳು. ಅಭ್ಯಾಸಬಲದಿಂದ ನಾನು ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಮೊದಲ ದಿನದಿಂದ ಬಂದ ಎಲ್ಲ ಮೇಲ್‌ಗಳನ್ನು ಉಳಿಸಿಕೋ. ನಾಲ್ಕನೆಯ ವರ್ಷದೊಳಗೆ ಪುಸ್ತಕ ಮುಗಿಸು. ದೊಡ್ಡ ಪ್ರಕಾಶಕರಿಗೇ ಕೊಡು. ಒಂದು ಕ್ಲಾಸನ್ನೂ ತಪ್ಪಿಸಬೇಡ, ಜ್ವರ ಬಂದರೂ. ವಿದ್ಯಾರ್ಥಿಗಳು ಕೃತಜ್ಞತೆಯಿಂದ ಬರೆದ ಕಾಗದಗಳನ್ನು ಕಡತದಲ್ಲಿಡು. ಸಮಿತಿಗೆ ಬೇಡ ಎನ್ನುವಾಗ ಕಾರಣವನ್ನು ಬರಹದಲ್ಲಿ ಕೊಡು. ಸಭೆಯಲ್ಲಿ ಧ್ವನಿ ಏರಿಸಬೇಡ. ಅವರ ಮುಂದೆ ಅಳಬೇಡ. ಪ್ರತಿ ವರ್ಷ ಮುಖ್ಯಸ್ಥರ ಬಳಿ ಹೋಗಿ, ನಾನು ಸರಿಯಾದ ದಾರಿಯಲ್ಲಿದ್ದೇನೆಯೇ ಎಂದು ಕೇಳು. ಹೌದು ಎಂದರೆ ಅದನ್ನು ಬರೆಸಿಕೋ. ವಿಭಾಗದ ಹೊರಗೂ ನಿನ್ನ ಪರ ಮಾತಾಡುವ ಇಬ್ಬರನ್ನು ಸಂಪಾದಿಸು.

ಕರೆ ಮುಗಿಯಿತು. ಒಟ್ಟು ಹನ್ನೊಂದು ಸಾಲು. ಎಣಿಸಿದೆ.

"ಇದರಲ್ಲಿ ನೀನು ಮಾಡದೇ ಬಿಟ್ಟದ್ದು ಯಾವುದು?" ಎಂದು ಕೇಳಿದೆ.

ಅವಳು ನೋಟ್‌ಬುಕ್ ತೆಗೆದುಕೊಂಡು, ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕನ್ನಡ ಓದುವುದು ಅವಳಿಗೆ ನಿಧಾನ.

"ಯಾವುದೂ ಇಲ್ಲ ಅಕ್ಕ," ಎಂದಳು.